ಒಂದು ದಿನ ಮುಂಚೆ ಬರೆದ ಹೆಸರು

ಎಲಿಯಟ್ ಪೆನ್‌ರೋಸ್ ತನ್ನ ಹೆಸರನ್ನು ನೋಡಬಾರದ ದಿನ ನೋಡಿಬಿಟ್ಟ. ಅದು ಶುಕ್ರವಾರ ಮಧ್ಯಾಹ್ನ. ಅವನ ನೂರನೇ ಪಂದ್ಯಕ್ಕೆ ಇನ್ನೂ ಒಂದು ದಿನ ಬಾಕಿ ಇತ್ತು.

ಸ್ಯಾಂಡ್ರಿಜ್ ಫುಟ್‌ಬಾಲ್ ಕ್ಲಬ್ಬಿನ ಡ್ರೆಸಿಂಗ್ ರೂಮಿನಲ್ಲಿ ಒಂದು ಪದ್ಧತಿ ಇದೆ. ಯಾವ ನಂಬರಿನ ಅಂಗಿ ಹಾಕಿ ಆಡುತ್ತಾರೋ ಆ ನಂಬರಿನ ಲಾಕರು ಅವರದ್ದು. ಆ ಅಂಗಿಯಲ್ಲಿ ನೂರು ಪಂದ್ಯ ಆಡಿ ಮುಗಿಸಿದವರ ಹೆಸರನ್ನು ಲಾಕರಿನ ಮರದ ಬಾಗಿಲ ಮೇಲೆ ಕೈಯಲ್ಲೇ ಬರೆಸುತ್ತಾರೆ. ಆಡಿ ಮುಗಿದ ಮೇಲೆ, ಮರು ಸೋಮವಾರ. ಅದಕ್ಕಿಂತ ಮುಂಚೆ ಯಾರೂ ಬ್ರಷ್ ಮುಟ್ಟುವ ಹಾಗಿಲ್ಲ. ತೊಂಬತ್ತೊಂಬತ್ತಕ್ಕೆ ನಿಂತು ಹೋದವರ ಹೆಸರು ಯಾವ ಬಾಗಿಲ ಮೇಲೂ ಇಲ್ಲ. ಅವರನ್ನು ನೆನಪಿಟ್ಟುಕೊಂಡಿರುವುದು ಅವರವರ ತಾಯಂದಿರು ಮಾತ್ರ.

ಮೂವತ್ತನಾಲ್ಕನೇ ಬಾಗಿಲ ಮೇಲೆ ಮೂರು ಹೆಸರಿದ್ದವು. ಹನ್ನೆರಡು ವರ್ಷದಿಂದ ಎಲಿಯಟ್ ಆ ಮೂರು ಹೆಸರನ್ನು ನೋಡುತ್ತಲೇ ಬೂಟಿನ ಲೇಸು ಕಟ್ಟಿಕೊಂಡಿದ್ದ. ಹನ್ನೆರಡು ವರ್ಷಕ್ಕೆ ತೊಂಬತ್ತೊಂಬತ್ತು ಪಂದ್ಯವೆಂದರೆ ಎದೆಯುಬ್ಬಿಸುವ ಲೆಕ್ಕವೇನಲ್ಲ. ನಡುವೆ ಎರಡು ಮಂಡಿ, ಒಂದು ಭುಜ, ಒಂದು ದವಡೆ ಮುರಿದು ಕೂಡಿದ್ದವು. ಆ ಊರಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು; ತಂಡಕ್ಕೆ ಹದಿನೆಂಟು ಜನ, ಪಂದ್ಯಕ್ಕೆ ನಾಲ್ಕು ಕ್ವಾರ್ಟರು, ಗೋಲು ಕಾಯುವವನು ಬೇರೆ ಇಲ್ಲ. ಎಲಿಯಟ್ ಗೋಲು ಹೊಡೆಯುವವನಲ್ಲ. ಹಿಂದಿನ ಮೂಲೆಯಲ್ಲಿ ನಿಂತು, ಎದುರಾಳಿ ತಂಡದ ಚುರುಕು ಆಟಗಾರನಿಗೆ ಅಂಟಿಕೊಂಡು, ಅವನ ದಿನ ಹಾಳುಮಾಡುವವನು. ಪೇಪರಿನಲ್ಲಿ ಎಲಿಯಟ್‌ನ ಫೋಟೋ ಬಂದರೆ ಅದರಲ್ಲಿ ಮುಖ ಬೇರೆ ಯಾರದೋ, ಬೆನ್ನು ಇವನದು.

ಪಂದ್ಯದ ಹಿಂದಿನ ದಿನ ಬೂಟುಗಳನ್ನು ತಂದು ಲಾಕರಿನಲ್ಲಿಟ್ಟು ಹೋಗುವುದು ಅವನ ರೂಢಿ. ಅಂದೂ ಹಾಗೇ ಬಂದ. ಪಾರ್ಕಿಂಗಿನಲ್ಲಿ ಒಂದು ಹಳೆಯ ಬಿಳಿ ವ್ಯಾನು ನಿಂತಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಎಡಗೈಯಿಂದ ಬಲಗೈಯನ್ನು ತೊಡೆಗೆ ಅದುಮಿ ಹಿಡಿದು ಕೂತಿದ್ದ. ಗುರುತಿಲ್ಲದಿದ್ದರೂ ಎಲಿಯಟ್ ನಕ್ಕ. ಮುದುಕ ಅವನನ್ನು ಗುರುತಿಸಿ, ಕದ್ದು ಸಿಕ್ಕಿಬಿದ್ದವನಂತೆ ಮುಖ ಆಚೆ ತಿರುಗಿಸಿಕೊಂಡ.

ಒಳಗೆ ಹೊಸ ಪೇಂಟಿನ ವಾಸನೆ. ಅವನ ಲಾಕರಿನ ಮುಂದೆ ಒಬ್ಬಳು ಮಂಡಿಯೂರಿ ಕೂತು, ಉಸಿರು ಕೂಡ ಕೇಳಿಸದ ಹಾಗೆ, ಬಾಗಿಲ ಮೇಲೆ ಕೂದಲೆಳೆಯಷ್ಟು ತೆಳು ಗೆರೆ ಎಳೆಯುತ್ತಿದ್ದಳು.

"ನೆವ್, ಬಾಗಿಲು ಹಾಕ್ಕೊಳ್ಳಿ. ಗಾಳಿಗೆ ಧೂಳು ಬಂದು ಕೂತ್ಕೊಳ್ಳುತ್ತೆ," ಎಂದಳು ತಿರುಗದೆ. ನೆವ್ ಎಂದರೆ ಕ್ಲಬ್ಬಿನ ಅಂಗಿ, ಬೂಟು, ಚೆಂಡುಗಳನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುವಾತ.

ಎಲಿಯಟ್ ಮಾತಾಡದೆ ಬಾಗಿಲು ಹಾಕಿದ.

"ಆ ಪೆನ್‌ರೋಸ್‌ಗೆ ಮಾತ್ರ ಹೇಳ್ಬೇಡಿ. ಎಡಗಾಲಿನ ಬೂಟು ಮೊದ್ಲು ಹಾಕದೇ ಇದ್ರೆ ಅಳ್ತಾನೆ ಅಂತ ನೀವೇ ಹೇಳಿದ್ರಲ್ಲ."

"ಅಳಲ್ಲ. ಎರಡೂ ಬಿಚ್ಚಿ ಮತ್ತೆ ಹಾಕ್ಕೋತೀನಿ, ಅಷ್ಟೆ."

ಬ್ರಷ್ ಗಾಳಿಯಲ್ಲೇ ನಿಂತಿತು. ಅವಳು ನಿಧಾನವಾಗಿ ತಿರುಗಿದಳು. ತಲೆಗೆ ಕಟ್ಟಿದ್ದ ಹಳೆಯ ಕರವಸ್ತ್ರ, ಅದರಿಂದ ತಪ್ಪಿಸಿಕೊಂಡ ಕೆಂಚು ಕೂದಲು, ಮೂಗಿನ ತುದಿಯಲ್ಲಿ ಕಡು ನೀಲಿ ಬೊಟ್ಟು. ಅವನನ್ನು ಕಂಡದ್ದೇ ಎದ್ದು ಎರಡೂ ತೋಳು ಚಾಚಿ ಬಾಗಿಲನ್ನು ಮುಚ್ಚಲು ಹೋದಳು. ಪೇಂಟು ಹಸಿ ಇದೆ ಎಂದು ಕೊನೆ ಗಳಿಗೆಯಲ್ಲಿ ನೆನಪಾಗಿ ಹಾಗೇ ನಿಂತಳು, ಲಾಕರನ್ನು ತಬ್ಬಿಕೊಳ್ಳಲೋ ಬೇಡವೋ ಎಂದು ಯೋಚಿಸುವವಳ ಹಾಗೆ.

"ನೋಡಿದ್ರಾ?"

"ಇಲ್ಲ."

"ಸುಳ್ಳು."

"ಪೂರ್ತಿ ನೋಡಿಲ್ಲ. ಮೊದಲ ಮೂರಕ್ಷರ ನೋಡ್ದೆ. ಉಳಿದದ್ದು ನಿಮ್ಮ ಭುಜದ ಹಿಂದಿದೆ."

ಅವಳು ತೋಳು ಇಳಿಸಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮೂರು ಹೆಸರುಗಳ ಕೆಳಗೆ ನಾಲ್ಕನೆಯದು, ಅವನದು, ಹಸಿಹಸಿಯಾಗಿ ಹೊಳೆಯುತ್ತಿತ್ತು.

"ಸೋಮವಾರ ನಾನು ಬೆಂಡಿಗೋದಲ್ಲಿ ಇರ್ತೀನಿ," ಎಂದಳು ಅವಳು. "ಅಲ್ಲೊಂದು ಹೋಟೆಲ್ ಗೋಡೆ ಬರೆಯೋದಿದೆ. ಅದಕ್ಕೇ ಇವತ್ತೇ ಮುಗಿಸಿ, ಕಾಗದ ಅಂಟಿಸಿ, ಮುಚ್ಚಿಟ್ಟು ಹೋಗೋಣ ಅಂತ. ನಾಳೆ ನೀವು ಆಡೇ ಆಡ್ತೀರಲ್ಲ." ಹೇಳುವಾಗ ಅವಳ ಕಿವಿಗಳು ಕೆಂಪಾದವು. ಪದ್ಧತಿ ಮುರಿದ ನಾಚಿಕೆಯಿರಬೇಕು ಎಂದುಕೊಂಡ ಎಲಿಯಟ್.

"ಆಡೇ ಆಡ್ತೀನಿ," ಎಂದ.

ಅವಳ ಹೆಸರು ಬ್ರೈಡಿ ಹ್ಯಾಲೊರನ್. ಆ ಕೋಣೆಯ ಬಾಗಿಲುಗಳ ಮೇಲಿನ ಹೆಸರುಗಳನ್ನೆಲ್ಲ ಮೂವತ್ತೈದು ವರ್ಷದಿಂದ ಬರೆದವನು ಅವಳ ಅಪ್ಪ ಡೆಸ್. ಈಗ ಕೈಲಾಗದೆ ಕೆಲಸ ಮಗಳ ಪಾಲಿಗೆ ಬಂದಿದೆ ಎಂದಳು. ಎಲಿಯಟ್ ಸಿಟ್ಟಾಗಬೇಕಿತ್ತು. ಶಕುನ, ನಂಬಿಕೆ ಎಂದು ಅವನಷ್ಟು ಹೆದರುವವರು ತಂಡದಲ್ಲಿ ಬೇರೆ ಇರಲಿಲ್ಲ. ಆದರೆ ಕಾರಿಗೆ ಹೋಗುವ ದಾರಿಯುದ್ದಕ್ಕೂ ಅವನು ನೆನೆಸಿಕೊಂಡದ್ದು ಮೂಗಿನ ಮೇಲಿನ ಆ ನೀಲಿ ಬೊಟ್ಟನ್ನು. ಹೇಳಿಬಿಡಬೇಕಿತ್ತು, ಮೂಗು ಒರೆಸಿಕೊಳ್ಳಿ ಎಂದು. ಹೇಳದೇ ಬಂದದ್ದೇ ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಮರುದಿನ ಅಭಿಮಾನಿಗಳು ಅವನಿಗಾಗಿ ಮನೆಯೆತ್ತರದ ಬಣ್ಣದ ಕಾಗದದ ಬ್ಯಾನರು ಕಟ್ಟಿ ತಂದಿದ್ದರು. ಅದನ್ನು ಹರಿದುಕೊಂಡು ತಂಡ ಮೈದಾನಕ್ಕೆ ನುಗ್ಗಬೇಕು, ಎಲ್ಲರಿಗಿಂತ ಮುಂದೆ ಎಲಿಯಟ್. ಪಂದ್ಯಕ್ಕೆ ಇಪ್ಪತ್ತು ನಿಮಿಷವಿದ್ದಾಗ, ಮೈ ಬಿಸಿ ಮಾಡಿಕೊಳ್ಳುವ ಓಟದಲ್ಲಿ, ನೆಲದಲ್ಲಿ ಉರುಳುತ್ತಿದ್ದ ಚೆಂಡನ್ನು ಎತ್ತಿಕೊಳ್ಳಲು ಅವನು ಬಗ್ಗಿದ. ಎಡತೊಡೆಯ ಹಿಂಭಾಗಕ್ಕೆ ಯಾರೋ ಕಲ್ಲು ಬೀರಿದಂತಾಯಿತು. ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಬ್ಯಾನರನ್ನು ಸುತ್ತಿ ಇಟ್ಟರು. ಅವನ ಜಾಗಕ್ಕೆ ಇನ್ನೊಬ್ಬ ಇಳಿದ. ಆಡದ ಪಂದ್ಯ ಲೆಕ್ಕಕ್ಕಿಲ್ಲ. ತೊಂಬತ್ತೊಂಬತ್ತು ತೊಂಬತ್ತೊಂಬತ್ತಾಗಿಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ಎಲಿಯಟ್ ತೊಡೆಯ ಕೆಳಗೆ ಐಸಿನ ಚೀಲ ಇಟ್ಟುಕೊಂಡು ಲಾಕರಿನ ಮುಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಬಾಗಿಲು ಸದ್ದಿಲ್ಲದೆ ತೆರೆಯಿತು. ಬ್ರೈಡಿ. ಒಂದು ಕೈಯಲ್ಲಿ ಪೇಂಟು ಕರಗಿಸುವ ಡಬ್ಬಿ, ಇನ್ನೊಂದರಲ್ಲಿ ಕೆರೆಯುವ ಕತ್ತಿ.

"ಬೆಂಡಿಗೋ?" ಎಂದ ಎಲಿಯಟ್.

"ರದ್ದಾಯ್ತು." ಕಿವಿ ಮತ್ತೆ ಕೆಂಪಾಯಿತು. "ನೀವು ಇರಲ್ಲ ಅಂದ್ಕೊಂಡೆ. ಕೆರೆದು ಹೋಗೋಣ ಅಂತ ಬಂದೆ. ನನ್ನಿಂದ ಹೀಗಾಯ್ತು. ಹೊರಗೆ ನೆವ್ ನನ್ನ ಮುಖಾನೇ ನೋಡಲಿಲ್ಲ."

"ನೆವ್ ನನ್ನ ಮುಖಾನೂ ನೋಡಲಿಲ್ಲ. ಹಸಿ ಪೇಂಟಿಗೂ ತೊಡೆಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ, ಇದೆ ಅಂದ. ಅಷ್ಟೇ ಅಂದ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಡಬ್ಬಿಯ ಮುಚ್ಚಳ ತೆಗೆಯಲು ಕೂತಳು.

"ಇರಿ," ಎಂದ ಎಲಿಯಟ್. "ಸೀಸನ್ ಮುಗಿಯೋಕೆ ಇನ್ನೂ ನಾಲ್ಕು ಪಂದ್ಯ ಇದೆ. ಡಾಕ್ಟರು ಮೂರು ವಾರ ಅಂದಿದಾರೆ. ಕೊನೇ ಪಂದ್ಯಕ್ಕೆ ನಾನು ಸಿಗ್ತೀನಿ. ಮುಂದಿನ ವರ್ಷಕ್ಕೆ ನನ್ನ ಇಟ್ಕೊಳ್ಳಲ್ಲ ಅಂತ ಕ್ಲಬ್ಬಿನೋರು ಜೂನ್‌ನಲ್ಲೇ ಹೇಳಿಬಿಟ್ಟಿದಾರೆ. ಹಾಗಾಗಿ ಅದೊಂದೇ ಇರೋದು. ಅಲ್ಲೀತನಕ ಅದರ ಮೇಲೆ ಕಾಗದ ಹಾಗೇ ಇರ್ಲಿ."

"ಆಡೋಕೆ ಆಗದಿದ್ರೆ?"

"ಆಗ ಫೋನ್ ಮಾಡ್ತೀನಿ. ಕತ್ತಿ ತಗೊಂಡು ಬನ್ನಿ."

"ಫೋನ್ ನಂಬರು ಕೇಳೋಕೆ ಇಷ್ಟು ದೂರ ಸುತ್ತಿ ಬರ್ಬೇಕಾ?" ಎಂದಳು ಬ್ರೈಡಿ. ಎಲಿಯಟ್‌ಗೆ ತನ್ನ ಕಿವಿಯೂ ಬಿಸಿಯಾದದ್ದು ಗೊತ್ತಾಯಿತು.

ಪೆಟ್ಟಾದ ಕಾಲಿಗೆ ಸ್ಯಾಂಡ್ರಿಜ್‌ನವರಿಗೆ ಗೊತ್ತಿರುವುದು ಒಂದೇ ಮದ್ದು: ಬೆಳಿಗ್ಗೆ ಸೊಂಟದುದ್ದ ಸಮುದ್ರದಲ್ಲಿ ನಡೆಯುವುದು. ಆಗಸ್ಟ್ ಅಲ್ಲಿ ಚಳಿಗಾಲ; ಆ ನೀರಿಗೆ ಇಳಿದವರು ಮೊದಲ ಐದು ನಿಮಿಷ ದೇವರನ್ನೂ ಕೋಚನ್ನೂ ಒಟ್ಟಿಗೆ ಬೈಯುತ್ತಾರೆ. ಎರಡನೇ ದಿನ ಎಲಿಯಟ್ ಹಾಗೆ ಬೈಯುತ್ತಿದ್ದಾಗ ದಂಡೆಯಿಂದ ನಗು ಕೇಳಿಸಿತು. ಬ್ರೈಡಿ ಚಹಾದ ಫ್ಲಾಸ್ಕು ಹಿಡಿದು ಮರಳಿನಲ್ಲಿ ಕೂತಿದ್ದಳು.

"ಪಾಪ ತೊಳ್ಕೊಳ್ಳೋಕೆ ಬಂದೆ," ಎಂದಳು.

"ಪಾಪ ತೊಳ್ಕೊಳ್ಳೋರು ನೀರಿಗಿಳೀತಾರೆ. ದಂಡೆ ಮೇಲೆ ಕೂತು ಚಹಾ ಕುಡಿಯಲ್ಲ."

ಮೂರನೇ ದಿನ ಅವಳು ಪ್ಯಾಂಟು ಮೊಣಕಾಲ ತನಕ ಮಡಚಿ ನೀರಿಗಿಳಿದಳು. ನಾಲ್ಕನೇ ದಿನ ಮಡಚುವ ಗೋಜಿಗೂ ಹೋಗಲಿಲ್ಲ. ಬೆಳಗಿನ ಮಂಜಿನಲ್ಲಿ ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ, ಅಲೆಯೇ ಇಲ್ಲದ ಆ ಬೂದು ನೀರನ್ನು ಸೀಳಿಕೊಂಡು ಹಳೆಯ ಹಡಗುಕಟ್ಟೆಯವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಕಟ್ಟೆಯ ಕಂಬದ ಮೇಲೆ ಕೂತ ಪೆಲಿಕನ್ ಹಕ್ಕಿಗಳು ಕಣ್ಣು ಬಿಟ್ಟು ನೋಡಿ ಮತ್ತೆ ನಿದ್ದೆ ಹೋಗುತ್ತಿದ್ದವು. ಮಾತು ಕಡಿಮೆ. ತೋಳಿಗೆ ತೋಳು ತಗಲಿದರೆ ಇಬ್ಬರೂ ಅದು ನೀರಿನ ಕೆಲಸ ಎಂಬಂತೆ ಮುಂದೆ ನೋಡುತ್ತಿದ್ದರು.

ದಂಡೆಗೆ ಬಂದು ಕೂತಾಗ ಅವನ ಮಂಡಿಗಳ ಮೇಲಿನ ಗಾಯದ ಕಲೆಗಳನ್ನು ಬ್ರೈಡಿ ಬೆರಳು ಸೋಕಿಸದೆ ತೋರಿಸಿದಳು. "ಇದು ಯಾವ ಊರಿನ ಮ್ಯಾಪು?"

"ಕ್ವೀನ್ಸ್‌ಟೌನ್. ಟಾಸ್ಮೇನಿಯಾದ ಗಣಿ ಊರು. ನಮ್ಮ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಜಲ್ಲಿ. ಬಿದ್ದವನು ಎದ್ದು ಕಾಲಲ್ಲಿ ಸಿಕ್ಕಿದ ಕಲ್ಲು ಕಿತ್ಕೊಂಡು ಮತ್ತೆ ಓಡ್ಬೇಕು. ನಮ್ಮಮ್ಮ ಭಾನುವಾರ ಪೂರ್ತಿ ಚಿಮಟ ಹಿಡ್ಕೊಂಡು ಕೂತಿರೋಳು."

"ಅಷ್ಟು ನೋವು ಪಟ್ಕೊಂಡು ಯಾಕೆ ಆಡ್ತಿದ್ರಿ?"

ಅವನು ಯೋಚಿಸಿದ. ಇಂಥ ಪ್ರಶ್ನೆಗೆ ಪೇಪರಿನವರಿಗೆ ಹೇಳುವ ಉತ್ತರ ಬೇರೆ ಇತ್ತು. "ನನ್ನ ಹಿಂದೆ ಇನ್ಯಾರೂ ಇರ್ತಿರ್ಲಿಲ್ಲ," ಎಂದ. "ನನ್ನ ದಾಟಿದ್ರೆ ಗೋಲು. ಅಲ್ಲಿ ನಿಂತ್ಕೊಳ್ಳೋದು ನನಗೆ ಇಷ್ಟ."

ಬ್ರೈಡಿ ಅವನನ್ನು ಆವತ್ತು ನೋಡಿದ ನೋಟವನ್ನು ಎಲಿಯಟ್ ಮನೆಗೆ ಒಯ್ದ. ಸಾರು ಬಿಸಿ ಮಾಡುವಾಗ, ಬಟ್ಟೆ ಒಣಹಾಕುವಾಗ ಅದನ್ನೇ ತೆಗೆದು ನೋಡಿಕೊಂಡ.

ಎರಡನೇ ವಾರದಿಂದ ಅವನು ಅವರ ಕಾರ್ಖಾನೆಗೂ ಹೋಗತೊಡಗಿದ. ಕಾರ್ಖಾನೆಯೆಂದರೆ ಓಣಿಯೊಂದರ ಕೊನೆಯಲ್ಲಿ ತಗಡಿನ ಷೆಡ್ಡು. ಒಳಗೆ ಮೀನಿನಂಗಡಿಯ ಬೋರ್ಡು, ಮಾಂಸದಂಗಡಿಗೆ ಬರೆದ ನಗುವ ಹಂದಿ. ಮುದುಕ ಡೆಸ್ ಮೂಲೆಯ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು, ಮಗಳ ಅಕ್ಷರಗಳಿಗೆ ತಪ್ಪು ಹೇಳುತ್ತಿದ್ದ. ಎಲಿಯಟ್‌ನನ್ನು ಕಂಡರೆ ಮಾತ್ರ ಅವನ ಬಾಯಿ ಕಟ್ಟುತ್ತಿತ್ತು. ವ್ಯಾನಿನಲ್ಲಿ ಕೂತಿದ್ದವನು ಅವನೇ ಎಂದು ಎಲಿಯಟ್ ಗುರುತಿಸಿದ್ದ. ಯಾಕೆ ತನ್ನನ್ನು ಕಂಡರೆ ಇಷ್ಟು ಸಂಕೋಚ ಎಂದು ಗೊತ್ತಾಗಿರಲಿಲ್ಲ.

ಒಂದು ಮಧ್ಯಾಹ್ನ ಬ್ರೈಡಿ ಅವನ ಕೈಗೆ ಬ್ರಷ್ ಕೊಟ್ಟಳು. ಚೆಂಡು ಹಿಡಿಯುವ ಆ ಕೈಯಲ್ಲಿ ಬ್ರಷ್ ಹುಲ್ಲುಕಡ್ಡಿಯಂತೆ ಕಂಡಿತು. ಅವನು ಉಸಿರು ಬಿಗಿಹಿಡಿದು ಎಳೆದ ಗೆರೆ ಹಾವಾಯಿತು.

ಅವಳು ಹಿಂದಿನಿಂದ ಬಾಗಿ ಅವನ ಮಣಿಕಟ್ಟು ಹಿಡಿದಳು. "ಉಸಿರು ಹಿಡ್ಕೊಂಡ್ರೆ ಕೈ ಹೆದರುತ್ತೆ. ಬಿಡ್ತಾ ಎಳೀಬೇಕು. ಬಿಡು."

ಇಲ್ಲಿಯವರೆಗೂ ನೀವು ಎನ್ನುತ್ತಿದ್ದವಳು ಬಿಡು ಎಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು. ಎಲಿಯಟ್ ಉಸಿರು ಬಿಟ್ಟ. ಗೆರೆ ನೆಟ್ಟಗೆ ಬಂತು.

"ನೋಡ್ದೆಯಾ, ಬಂತು," ಎಂದಳು ಅವನ ಕಿವಿಯ ಹತ್ತಿರ.

"ನೀನು ಕೈ ತೆಗೀಬೇಡ," ಎಂದ ಅವನು. "ತೆಗೆದ್ರೆ ಹೋಗುತ್ತೆ."

ಮೂಲೆಯಲ್ಲಿ ಡೆಸ್ ಜೋರಾಗಿ ಕೆಮ್ಮಿದ. ಕೆಮ್ಮಿದವನ ಮುಖದಲ್ಲಿ ಮಾತ್ರ ಕೆಮ್ಮಿನ ಲಕ್ಷಣವೇ ಇರಲಿಲ್ಲ.

ಮೂರನೇ ಭಾನುವಾರ ಬ್ರೈಡಿ ಪೈ ತರಲು ಬೇಕರಿಗೆ ಹೋಗಿದ್ದಳು. ಡೆಸ್ ಎರಡು ಕೈಯಲ್ಲಿ ಟೀ ಪಾತ್ರೆ ಹಿಡಿದು ಕಪ್ಪಿಗೆ ಸುರಿಯಲು ಹೋದ. ಕಪ್ಪು ಬಸಿ ಗಲಗಲ ಸದ್ದು ಮಾಡಿದವು, ಅರ್ಧ ಟೀ ಮೇಜಿನ ಪಾಲಾಯಿತು. ಎಲಿಯಟ್ ಬೇರೆ ಕಡೆ ನೋಡಿದ.

"ನೋಡಪ್ಪ, ನೋಡು. ನೋಡ್ಬೇಕಾದೋನು ನೀನೇ," ಎಂದ ಡೆಸ್. "ಮೂರು ವಾರದಿಂದ ನುಂಗ್ಕೊಂಡು ಕೂತಿದೀನಿ. ನಿನ್ನ ಬಾಗಿಲಿನ ಮೇಲಿರೋ ಅಕ್ಷರ ಬ್ರೈಡೀದಲ್ಲ. ನಂದು."

ಎಲಿಯಟ್ ಟೀ ಪಾತ್ರೆಯನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ.

"ಆ ಶುಕ್ರವಾರ ಬೆಳಿಗ್ಗೆ ಎದ್ದಾಗ ಕೈ ನಡುಕ ನಿಂತಿತ್ತು. ಈ ವರ್ಷದಲ್ಲಿ ಅಂಥ ದಿನ ಎರಡೋ ಮೂರೋ. ಸೋಮವಾರಕ್ಕೆ ಅದು ನನ್ನ ಮಾತು ಕೇಳುತ್ತೆ ಅಂತ ಏನು ಖಾತ್ರಿ? ಕೊನೇದಾಗಿ ಒಂದು ಹೆಸರು ಬರ್ದು ಬಿಟ್ಬಿಡ್ತೀನಿ ಅಂತ ಹಟ ಹಿಡ್ದೆ. ಅವಳು ಬೇಡಪ್ಪ, ಬೇಡಪ್ಪ ಅಂತ ಬಡ್ಕೊಂಡ್ಲು. ಬರ್ದೆ. ಒಂದಕ್ಷರ ಅಲುಗಲಿಲ್ಲ ಕಣಪ್ಪ. ಕೆಳಗಿನ ಗೆರೆ ಅವಳಿಗೆ ಬಿಟ್ಟು ವ್ಯಾನಿಗೆ ಬಂದು ಕೂತೆ ನೋಡು, ಮತ್ತೆ ಶುರುವಾಯ್ತು."

ಬ್ರೈಡಿ ಬಂದಾಗ ಇಬ್ಬರ ಮುಖ ನೋಡಿಯೇ ಅವಳಿಗೆ ತಿಳಿಯಿತು. ಪೈಗಳನ್ನು ಮೇಜಿನ ಮೇಲಿಟ್ಟಳು.

"ಬೆಂಡಿಗೋದಲ್ಲಿ ಹೋಟೆಲ್ಲೇ ಇಲ್ವಾ ಹಾಗಾದ್ರೆ?" ಎಂದ ಎಲಿಯಟ್.

"ಬೇಕಾದಷ್ಟಿವೆ. ನನ್ನ ಕರೆದಿರ್ಲಿಲ್ಲ ಅಷ್ಟೆ." ಅವಳು ತಲೆ ಎತ್ತಲಿಲ್ಲ. "ನನ್ನ ಯಾರು ಏನು ಬೈದ್ರೂ ತಡ್ಕೋತೀನಿ. ಅಪ್ಪನ್ನ ಬೈದ್ರೆ ಆಗಲ್ಲ."

ಇವಳನ್ನು ತಾನು ಪ್ರೀತಿಸುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ಎಲಿಯಟ್‌ಗೆ ಸ್ಪಷ್ಟವಾಗಿ ಗೊತ್ತಾಯಿತು. ಆದರೆ ಬಾಯಿಂದ ಬಂದ ಮಾತು ಬೇರೆ. "ಶನಿವಾರದ ಕೊನೇ ಪಂದ್ಯ ನಾನು ಆಡ್ತೀನಿ," ಎಂದ. "ನಿಮ್ಮಪ್ಪನ ಅಕ್ಷರ ಕೆರೆಯೋಕೆ ನಾನು ಬಿಡಲ್ಲ. ಏನಾದ್ರೂ ಸರಿ."

ಡೆಸ್‌ನ ಕಣ್ಣು ಒದ್ದೆಯಾಯಿತು. ಬ್ರೈಡಿ ಮಾತ್ರ ಖುಷಿಪಟ್ಟವಳಂತೆ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಸಮುದ್ರದಲ್ಲಿ ಹಡಗುಕಟ್ಟೆಯ ಹತ್ತಿರ ತಿರುಗುವಾಗ ತೊಡೆಯ ಹಿಂದೆ ಒಂದು ಎಳೆ ಜಗ್ಗಿತು. ಎಲಿಯಟ್ ಮುಖ ಬದಲಿಸಲಿಲ್ಲ. ಹೆಜ್ಜೆಯನ್ನೂ ಬದಲಿಸಲಿಲ್ಲ ಎಂದುಕೊಂಡಿದ್ದ.

"ಎಡಗಾಲು," ಎಂದಳು ಬ್ರೈಡಿ.

"ಏನೂ ಇಲ್ಲ."

"ಮೂರು ವಾರದಿಂದ ಪಕ್ಕದಲ್ಲಿ ನಡೀತಿದೀನಿ. ಪೆಲಿಕನ್ನಿಗೆ ಹೇಳು ಆ ಸುಳ್ಳನ್ನ."

ಅವನು ನಿಂತ. "ನಾಳೆ ಕಾಲಿನ ಟೆಸ್ಟಲ್ಲಿ ಗೊತ್ತಾಗಲ್ಲ. ಹನ್ನೆರಡು ವರ್ಷದಲ್ಲಿ ನೋವು ಮುಚ್ಚಿಡೋದೊಂದನ್ನ ಚೆನ್ನಾಗಿ ಕಲ್ತಿದೀನಿ. ಶನಿವಾರ ಮೈದಾನಕ್ಕಿಳಿದ್ರೆ ಸಾಕು, ಲೆಕ್ಕಕ್ಕೆ ಬಂತು. ಹತ್ತು ನಿಮಿಷ."

"ಆಮೇಲೆ?"

"ಆಮೇಲೆ ಹರಿದ್ರೆ ಹರೀಲಿ."

"ಆಮೇಲೆ ನಿನ್ನ ಮೂಲೇಲಿ ನಿಂತ್ಕೊಳ್ಳೋರು ಯಾರು?"

ನೀರು ಇಬ್ಬರ ನಡುವೆ ಸುಮ್ಮನೆ ತೂಗುತ್ತಿತ್ತು.

"ನಾನು ಕೋಚ್‌ಗೆ ಹೇಳಲ್ಲ," ಎಂದಳು ಬ್ರೈಡಿ. "ಅದು ನಿನ್ನ ಕಾಲು, ನಿನ್ನ ಬಾಯಿ. ಆದ್ರೆ ಅಪ್ಪನ ಹೆಸರು ಹೇಳ್ಕೊಂಡು ಆಡ್ಬೇಡ. ನನ್ನ ಹೆಸರೂ ಬೇಡ. ನೂರಾದ್ರೂ ತೊಂಬತ್ತೊಂಬತ್ತಾದ್ರೂ ನನಗೆ ನೀನು ಬೇಕು. ಹೇಳ್ಬಿಟ್ಟೆ. ಇನ್ನು ಏನು ಬೇಕಾದ್ರೂ ಮಾಡ್ಕೋ."

ಹೇಳಿದವಳು ಅವನ ಉತ್ತರಕ್ಕೆ ಕಾಯದೆ ದಂಡೆಗೆ ನಡೆದಳು. ಮರಳಿನ ಮೇಲಿದ್ದ ಷೂಗಳನ್ನು ಕೈಯಲ್ಲಿ ಎತ್ತಿಕೊಂಡು, ಹಿಂದಿರುಗಿ ನೋಡದೆ ರಸ್ತೆ ದಾಟಿದಳು. ಎಲಿಯಟ್ ಸೊಂಟದುದ್ದ ನೀರಿನಲ್ಲಿ ಬಹಳ ಹೊತ್ತು ನಿಂತಿದ್ದ. ಜೀವನದಲ್ಲಿ ಯಾರೂ ಅವನಿಗೆ ಅಷ್ಟು ಸಿಟ್ಟಿನಲ್ಲಿ ಅಷ್ಟು ಸಿಹಿಯಾದ ಮಾತು ಹೇಳಿರಲಿಲ್ಲ.

ಗುರುವಾರ ತಂಡವೆಲ್ಲ ಮೈದಾನದ ಅಂಚಿನಲ್ಲಿ ಸೇರಿತ್ತು. ಎಲಿಯಟ್ ಓಡಿದ, ತಿರುಗಿದ, ಒದ್ದ, ಹಾರಿ ಚೆಂಡು ಹಿಡಿದ. ನೋವು ಪ್ರತಿ ತಿರುವಿನಲ್ಲೂ ಕಚ್ಚಿತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಡಾಕ್ಟರು ಹೆಬ್ಬೆರಳೆತ್ತಿದರು. ಹುಡುಗರು ಚಪ್ಪಾಳೆ ತಟ್ಟಲು ಕೈ ಸಿದ್ಧ ಮಾಡಿಕೊಂಡು ನಿಂತಿದ್ದರು.

ಕೋಚ್ ಹತ್ತಿರ ಬಂದ. "ನಾನು ಓಟ ನೋಡಿದ್ದಾಯ್ತು. ಈಗ ನೀನು ಹೇಳು ಪೆನ್ನಿ. ಕಾಲು ಹೇಗಿದೆ? ನೀನು ಹೇಳಿದ್ದೇ ಸರಿ."

ಪೆನ್ನಿ ಎಂಬುದು ತಂಡದವರು ಅವನನ್ನು ಕರೆಯುವ ಹೆಸರು. ಎಲಿಯಟ್ ಹುಡುಗರ ಕಡೆ ನೋಡಿದ. ಹನ್ನೆರಡು ವರ್ಷದಲ್ಲಿ ಅವನಿಗೆ ಕಪ್ಪು ಸಿಕ್ಕಿಲ್ಲ, ಪದಕ ಸಿಕ್ಕಿಲ್ಲ. ಸಿಕ್ಕಿದ್ದು ಒಂದೇ. ಅವನು ಹಿಂದೆ ನಿಂತಿದ್ದರೆ ಮುಂದಿದ್ದ ಹದಿನೇಳು ಜನರಲ್ಲಿ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಪೆನ್ನಿ ಇದ್ದಾನೆ ಎಂದು ಚೆಂಡಿನ ಹಿಂದೆ ಓಡುತ್ತಿದ್ದರು. ಈಗ ಚೆನ್ನಾಗಿದೆ ಎಂದರೆ ಶನಿವಾರವೂ ಅವರು ತಿರುಗಿ ನೋಡುವುದಿಲ್ಲ. ನೋಡದಿದ್ದ ಹೊತ್ತಿನಲ್ಲಿ ಇವನು ಅಲ್ಲಿ ಇರುವುದಿಲ್ಲ.

"ಇಲ್ಲ, ಕೋಚ್," ಎಂದ. "ಒಂದು ಕ್ವಾರ್ಟರೂ ನಿಲ್ಲಲ್ಲ."

ಕೋಚ್ ಟೋಪಿ ತೆಗೆದ, ಒಳಗೆ ಏನೋ ಹುಡುಕುವವನಂತೆ ನೋಡಿ ಮತ್ತೆ ಹಾಕಿಕೊಂಡ. ಸಿದ್ಧವಾಗಿದ್ದ ಕೈಗಳು ಹಾಗೇ ಇಳಿದವು. ಆಮೇಲೆ ಒಬ್ಬೊಬ್ಬರಾಗಿ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಹೋದರು. ನೆವ್ ಮಾತ್ರ ಚೆಂಡಿನ ಚೀಲ ಹೊತ್ತುಕೊಂಡು ಹೋಗುವಾಗ, "ಪೇಂಟಿನ ಮೇಲೆ ತಪ್ಪು ಹೊರಿಸಿದೆ, ಮನಸ್ಸಿಗೆ ಹಾಕ್ಕೋಬೇಡ ಮಾರಾಯ," ಎಂದ.

ಶನಿವಾರ ಅವನು ಕೋಟು ತೊಟ್ಟು ಜನರ ನಡುವೆ ಬೇಲಿಗೆ ಒರಗಿ ಪಂದ್ಯ ನೋಡಿದ. ಮೂರನೇ ಕ್ವಾರ್ಟರಿನಲ್ಲಿ ಯಾರೋ ಪಕ್ಕಕ್ಕೆ ಬಂದು ನಿಂತರು. ಬಿಸಿ ಪೈಯ ಅರ್ಧ ಅವನ ಕೈಗೆ ಬಂತು.

"ನೆವ್ ಹೇಳಿದ್ರು," ಎಂದಳು ಬ್ರೈಡಿ.

ಅವನು ತಲೆಯಾಡಿಸಿದ. ಇಬ್ಬರೂ ಪೈ ತಿಂದರು. ಸ್ಯಾಂಡ್ರಿಜ್ ನಾಲ್ಕು ಅಂಕದಿಂದ ಗೆದ್ದಿತು. ಕೊನೆಯ ನಿಮಿಷದಲ್ಲಿ ಅವನ ಮೂಲೆಯಲ್ಲಿ ನಿಂತಿದ್ದವನು ಹಾರಿ ಗೋಲಾಗುವ ಚೆಂಡನ್ನು ಗುದ್ದಿ ಆಚೆ ಹಾಕಿದಾಗ ಎಲಿಯಟ್ ಗಂಟಲು ಹರಿಯುವ ಹಾಗೆ ಕೂಗಿದ. ಕೂಗುವಾಗ ಅವಳ ಕೈಯನ್ನು ಹಿಡಿದುಕೊಂಡದ್ದು, ಆಮೇಲೆ ಬಿಡದೇ ಇದ್ದದ್ದು, ಇಬ್ಬರಿಗೂ ಗೊತ್ತಿತ್ತು.

ಸೋಮವಾರ ಮೂವರೂ ಲಾಕರಿನ ಮುಂದೆ ನಿಂತರು. ಬ್ರೈಡಿ ಕಾಗದ ಬಿಚ್ಚಿದಳು. ಡೆಸ್ ತನ್ನ ಕೊನೆಯ ಕೆಲಸವನ್ನು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದ.

"ಚೆನ್ನಾಗೇ ಬಂದಿದೆ," ಎಂದ. "ಕೊಡಿಲ್ಲಿ ಕತ್ತೀನ."

"ಅಪ್ಪ, ನಾನು ಮಾಡ್ತೀನಿ."

"ತಪ್ಪಾದ ಬೋರ್ಡು ಬರೆದವನೇ ಕೆರೀಬೇಕು. ಕೆರೆಯೋಕೆ ಕೈ ನಡುಗಿದ್ರೂ ನಡೆಯುತ್ತೆ, ಹೆದರಬೇಡ." ಮೊದಲ ಅಕ್ಷರವನ್ನು ಅವನೇ ಕೆರೆದ. ಕತ್ತಿ ನಡುಗುತ್ತ ನಡುಗುತ್ತ ಪೇಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿತು. ಆಮೇಲೆ ಕತ್ತಿಯನ್ನು ಎಲಿಯಟ್‌ನ ಕೈಗಿಟ್ಟು, ಅವನ ಕೆನ್ನೆಯನ್ನು ಒಮ್ಮೆ ತಟ್ಟಿ, ನೆವ್ ಜೊತೆ ಟೀ ಕುಡಿದು ಬರ್ತೀನಿ ಎಂದು ಹೊರಟುಹೋದ.

ಬ್ರೈಡಿ ಇನ್ನೊಂದು ಕತ್ತಿಯಲ್ಲಿ ಎಡಗಡೆಯಿಂದ ಕೆರೆದಳು, ಎಲಿಯಟ್ ಬಲಗಡೆಯಿಂದ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ನೀಲಿ ಪುಡಿ ತೇಲಿ ಇಬ್ಬರ ಕೂದಲ ಮೇಲೂ ಕೂತಿತು. ನಡುವಿನ ಒಂದಕ್ಷರ ಉಳಿದಾಗ ಎಲಿಯಟ್‌ನ ಕತ್ತಿ ನಿಂತಿತು.

"ಬೇಜಾರಾಗ್ತಿದ್ಯಾ?" ಎಂದಳು ಅವಳು.

"ತುಂಬಾ," ಎಂದ. ಗುರುವಾರವಾಗಲಿ ಶನಿವಾರವಾಗಲಿ ಬರದಿದ್ದ ಅಳು ಈಗ ಬಂತು. ಹಣೆಯನ್ನು ಬಾಗಿಲಿಗೆ ಆನಿಸಿ, ಮೂವತ್ತೊಂದು ವರ್ಷದ ಗಂಡಸು, ನಾಚಿಕೆಯಿಲ್ಲದೆ ಅತ್ತ. ಬ್ರೈಡಿ ಸಮಾಧಾನ ಹೇಳಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು, ಕೈ ತೆಗೆಯಲಿಲ್ಲ. ಅಳು ತಗ್ಗಿದ ಮೇಲೆ ಕೊನೆಯ ಅಕ್ಷರವನ್ನು ತಾನೇ ಮೆಲ್ಲಗೆ ಕೆರೆದು ಊದಿದಳು.

"ಇನ್ನು ಜೀವನ ಪೂರ್ತಿ ಕೇಳ್ತಾರೆ ನಿನ್ನ," ಎಂದಳು. "ಪಬ್‌ನಲ್ಲಿ, ಮದುವೆ ಮನೇಲಿ, ಸಿಕ್ಕ ಸಿಕ್ಕ ಕಡೆ. ನೂರಕ್ಕೆ ಒಂದು ಕಡಿಮೆ ಯಾಕಾಯ್ತು ಅಂತ. ಏನು ಹೇಳ್ತೀಯ?"

ಎಲಿಯಟ್ ಹಣೆ ಬಾಗಿಲಿಗೆ ಒತ್ತಿಕೊಂಡೇ ಯೋಚಿಸಿದ.

"ನನ್ನ ಹೆಂಡತೀನ ಕೇಳಿ ಅಂತೀನಿ. ಹೆಸರು ಕೆರೆದು ಹಾಕಿದ್ದು ಅವಳೇ ಅಂತ."

ಬ್ರೈಡಿಯ ಕೈ ಅವನ ಬೆನ್ನ ಮೇಲೆ ನಿಶ್ಚಲವಾಯಿತು. ಹೊರಗೆ ನೆವ್ ಏನೋ ಹೇಳಿದ್ದಕ್ಕೆ ಡೆಸ್ ನಗುತ್ತಿದ್ದ.

"ಏನಂದೆ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಬಾಗಿಲಿಗೆ ಹೇಳಿದ ಹಾಗಿತ್ತು. ಇನ್ನೊಂದ್ಸಲ ಹೇಳು, ನನ್ನ ನೋಡ್ಕೊಂಡು."

ಎಲಿಯಟ್ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಅವಳ ಕಡೆ ತಿರುಗಿ, ಅವಳ ಕಣ್ಣನ್ನೇ ನೋಡುತ್ತ, ಇನ್ನೊಂದು ಸಲ ಹೇಳಿದ.